ನೆಲ ಮುಟ್ಟದ ಸ್ಟೆಪ್ನಿ

ಹೊಸ ಟಯರಿಗೆ ಒಂದು ವಾಸನೆ ಉಂಟು. ಸೀಮೆಎಣ್ಣೆಯದ್ದಲ್ಲ, ಡಾಮರಿನದ್ದಲ್ಲ, ಎರಡರ ನಡುವಿನದ್ದೇನೋ. ಮಳೆಗಾಲದಲ್ಲಿ ಗಾಳಿ ಒದ್ದೆಯಾಗಿರುವಾಗ ಅದು ಅಂಗಡಿ ಬಿಟ್ಟು ರಸ್ತೆಯವರೆಗೂ ಬಂದು ನಿಲ್ಲುತ್ತದೆ. ಕಳೆದ ಶನಿವಾರ ಬೈಕಂಪಾಡಿಯಲ್ಲಿ ಹಮೀದಾಕನ ಟಯರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬಾಗಿಲು ತೆರೆದದ್ದೇ ಆ ವಾಸನೆ ಮುಖಕ್ಕೆ ಬಂತು. ಇಳಿಯುವ ಮೊದಲು ಎಡಗಡೆ ಸೀಟಿನತ್ತ ತಿರುಗಿ, "ಪಪ್ಪಾ, ನೀವು ಕೂತೇ ಇರಿ" ಎನ್ನಲು ಬಾಯಿ ತೆರೆದಿದ್ದೆ. ಸೀಟಿನಲ್ಲಿ ನನ್ನ ಕೊಡೆ ಮತ್ತು ಆಫೀಸಿನ ಚೀಲ ಇದ್ದವು.

ಎರಡು ವರ್ಷದ ಹಿಂದಿನ ಮಳೆಗಾಲ ನನಗೆ ಹೀಗೆ ಹೇಳದೆ ಕೇಳದೆ ಬರುತ್ತದೆ. ಡೈರಿ ತೆರೆದರೆ ಬರುವುದಿಲ್ಲ. ಅದರಲ್ಲಿ ಇರುವುದು ತಾರೀಕು, ಕಿಲೋಮೀಟರ್, ಟಯರಿನ ಗಾಳಿ, ಪಪ್ಪ ಕುಡಿದ ಗಂಜಿತಿಳಿಯ ಲೋಟಗಳು. ಆರನೇ ಕ್ಲಾಸಿನಿಂದ ನಾನು ಹಾಗೆಯೇ ಬರೆಯುತ್ತ ಬಂದವಳು. ಕಂಡದ್ದನ್ನು ಎಣಿಸಿ ಬರೆದಿಟ್ಟರೆ ಅದು ಕೈ ತಪ್ಪುವುದಿಲ್ಲ ಎಂದು ನಂಬಿದವಳು.

ಪಪ್ಪನ ಕಾಯಿಲೆಗೆ ಹೆಸರು ಸಿಕ್ಕಿದ್ದು ಆ ವರ್ಷದ ಮೇ ಕೊನೆಗೆ. ಅದಕ್ಕೆ ಮೊದಲು ಎಷ್ಟೋ ತಿಂಗಳು ಅದು ಬರೀ 'ಸ್ವರ ಬಿದ್ದದ್ದು'. ಸುರತ್ಕಲ್‌ನ ಒಂದು ಹೋಟೆಲಿನಲ್ಲಿ ಪಪ್ಪ ಮ್ಯಾನೇಜರು. ಗಲ್ಲಾದಲ್ಲಿ ಕೂತು ಅಡುಗೆಮನೆಗೆ ಕೂಗಿ ಕೂಗಿ ಸ್ವರ ಹೋಯಿತು ಎಂದೇ ಎಲ್ಲರೂ ಹೇಳಿದರು, ಅವರೂ ಹಾಗೇ ಅಂದುಕೊಂಡರು. ಕೊನೆಗೆ ಫಳ್ನೀರಿನ ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಗೆ ಇಳಿಸಿ ನೋಡಿದ ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು.

"ರೇಡಿಯೇಷನ್ ಕೊಡುವ. ಮೂವತ್ತಮೂರು ಸಿಟ್ಟಿಂಗ್, ಸೋಮವಾರದಿಂದ ಶುಕ್ರವಾರ, ಪ್ರತಿ ದಿನ. ಮಳೆ ಅಂತ ತಪ್ಪಿಸಬೇಡಿ, ಸುಸ್ತು ಅಂತ ತಪ್ಪಿಸಬೇಡಿ. ನಡುವೆ ಬಿಟ್ಟರೆ ಅದಕ್ಕೆ ಒಳಗೆ ಪುನಃ ಬೆಳೆಯಲಿಕ್ಕೆ ಪುರುಸೊತ್ತು ಸಿಗ್ತದೆ."

ನಮ್ಮ ಮನೆ ಕಾಟಿಪಳ್ಳದಲ್ಲಿ. ಫಳ್ನೀರಿಗೆ ಹೋಗಲು ಸುರತ್ಕಲ್‌ಗೆ ಇಳಿದು, ಹೆದ್ದಾರಿ ಹಿಡಿದು, ಕೂಳೂರು ಸೇತುವೆ ದಾಟಿ, ಇಡೀ ಪೇಟೆಯ ಟ್ರಾಫಿಕ್ ನುಗ್ಗಿಕೊಂಡು ಹೋಗಬೇಕು. ಮೊದಲ ದಿನ ಪರಿಚಯದ ರಿಕ್ಷಾದಲ್ಲಿ ಹೋದೆವು. ಜಡಿಮಳೆ ಎರಡೂ ಕಡೆಯಿಂದ ಒಳಗೆ ಹೊಡೆದು ಪಪ್ಪ ನಡುಗುತ್ತ ಇಳಿದರು. ಮರುದಿನ ಬಾಡಿಗೆ ಕಾರು. ಪಪ್ಪ ಕಫ ಉಗಿಯಲು ಬಟ್ಟಲು ಹಿಡಿದುಕೊಂಡದ್ದನ್ನು ಕನ್ನಡಿಯಲ್ಲಿ ನೋಡಿದ ಡ್ರೈವರು ಮೂರನೆಯ ದಿನ ಫೋನು ಎತ್ತಲಿಲ್ಲ. ಪೇಟೆಯಲ್ಲೇ, ಮಣ್ಣಗುಡ್ಡದಲ್ಲಿ, ಪಪ್ಪನ ತಂಗಿಯ ಮನೆ ಉಂಟು. ಅತ್ತೆ ಒಂದು ಕೋಣೆ ಖಾಲಿ ಮಾಡಿಕೊಟ್ಟಿದ್ದರು. ಪಪ್ಪ ಒಪ್ಪಲಿಲ್ಲ. "ಇನ್ನೊಬ್ಬರ ಮನೆಯಲ್ಲಿ ರಾತ್ರಿ ಇಡೀ ಉಗಿಯುತ್ತಾ ಕೂರ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಉಳಿದದ್ದು ಮನೆಯ ಬಿಳಿ ಕಾರು, ಮತ್ತು ಲೈಸೆನ್ಸ್ ಸಿಕ್ಕಿ ಒಂದು ವರ್ಷವಾದರೂ ಸುರತ್ಕಲ್ ದಾಟದ ನಾನು. ಮಣ್ಣಗುಡ್ಡದ ನನ್ನ ಆಫೀಸಿನಲ್ಲಿ ಮಧ್ಯಾಹ್ನದ ನಂತರ ಬಂದರೆ ಸಾಕೆಂದು ಒಪ್ಪಿದರು.

ಆ ಕಾರು ಪಪ್ಪನಿಗೆ ಮಗನ ಹಾಗೆ. ಹೊಸತಾಗಿ ತೆಗೆದುಕೊಂಡ ದಿನದಿಂದ ಅದರ ಸ್ಟೆಪ್ನಿಯನ್ನು ಅವರು ನೆಲಕ್ಕೆ ಇಳಿಸಿದ್ದಿಲ್ಲ. ಪಂಕ್ಚರ್ ಆದರೆ ದಾರಿ ಬದಿಯಲ್ಲಿ ಕಾದು ಕೂತು, ಅದೇ ಟಯರನ್ನು ರಿಪೇರಿ ಮಾಡಿಸಿ ಹಾಕಿಸುತ್ತಿದ್ದರು. ಬೇರೆ ನಾಲ್ಕು ಟಯರ್ ಎರಡು ಸಲ ಬದಲಾದವು. ಸ್ಟೆಪ್ನಿ ಮಾತ್ರ ಡಿಕ್ಕಿಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಮಲಗಿತ್ತು. ಆಯುಧಪೂಜೆಯ ದಿನ ಅದನ್ನು ಹೊರಗೆ ತೆಗೆದು, ಸೋಪು ಹಾಕಿ ತೊಳೆದು, ಕಾರಿಗಿಂತ ಮೊದಲು ಅದಕ್ಕೆ ಕುಂಕುಮ ಇಡುತ್ತಿದ್ದರು. ಅಮ್ಮ ತಮಾಷೆ ಮಾಡುತ್ತಿದ್ದರು. "ಮದುವೆಯಾದ ಮೇಲೆ ನನಗೊಂದು ಇಷ್ಟು ಉಪಚಾರ ಮಾಡಿದ್ದು ಉಂಟಾ?" ಪಪ್ಪ ನಗದೆ ಉತ್ತರ ಕೊಡುತ್ತಿದ್ದರು. "ನೀನು ದಿನಾ ಇರುವವಳು. ಇದು ಆಪತ್ತಿಗೆ ಇರುವುದು."

ಹೆದ್ದಾರಿಯಲ್ಲಿ ನನ್ನ ಕೈ ನಡುಗುತ್ತಿತ್ತು. ಪಪ್ಪ ಎಡಗಡೆ ಕೂತು ಡ್ಯಾಶ್‌ಬೋರ್ಡಿನ ಮೇಲೆ ಬೆರಳ ಗೆಣ್ಣು ಇಟ್ಟುಕೊಳ್ಳುತ್ತಿದ್ದರು. ಮಾತಾಡಿದರೆ ಗಂಟಲು ಉರಿಯುತ್ತಿದ್ದುದರಿಂದ ತಟ್ಟುವುದು. ಒಂದು ಸಲ ತಟ್ಟಿದರೆ ನಿಧಾನ. ಎರಡು ಸಲ ತಟ್ಟಿದರೆ ಗೇರ್ ಬದಲಿಸು. ಅಂಗೈ ಅಗಲಿಸಿ ಇಟ್ಟರೆ ಸರಿ ಉಂಟು, ಹೀಗೇ ಹೋಗು. ಒಂದು ವಾರದಲ್ಲಿ ನಮಗಿಬ್ಬರಿಗೂ ಅದು ಭಾಷೆಯೇ ಆಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಫ್ಲಾಸ್ಕ್, ಬಟ್ಟಲು, ಟವೆಲುಗಳ ಬುಟ್ಟಿ ಹಿಡಿದುಕೊಂಡು ಬಾಯಲ್ಲಿ ಏನೋ ಜಪಿಸುತ್ತ ಕೂತಿರುತ್ತಿದ್ದರು.

ಸ್ಪೀಡು ಸ್ವಲ್ಪ ಏರಿದರೆ ಸ್ಟೇರಿಂಗ್ ಅದುರುತ್ತದೆ ಎಂದು ಮೊದಲು ಹೇಳಿದ್ದು ಪಪ್ಪ. ನಾನದನ್ನು ನನ್ನ ಕೈಯ ನಡುಕವೆಂದೇ ತಿಳಿದಿದ್ದೆ. ಕೈ ಸ್ವಲ್ಪ ಸಡಿಲ ಬಿಟ್ಟರೆ ಕಾರು ಎಡಕ್ಕೆ, ಚರಂಡಿಯ ಕಡೆಗೆ ಎಳೆಯುತ್ತಿತ್ತು. ಆ ಶನಿವಾರ ಪಪ್ಪನನ್ನೂ ಅಮ್ಮನನ್ನೂ ಕೂರಿಸಿಕೊಂಡೇ ಹಮೀದಾಕನಲ್ಲಿಗೆ ಹೋದೆ.

ಹಮೀದಾಕ ಮೊದಲು ದುಬೈಯಲ್ಲಿದ್ದವರು. ಊರಿಗೆ ಬಂದು ಟಯರ್ ಅಂಗಡಿ ಇಟ್ಟಾಗಿನಿಂದ ಪಪ್ಪನ ಹೋಟೆಲಿನ ಚಾ ಅವರಿಗೆ, ಅವರ ಅಂಗಡಿಯ ಗಾಳಿ ಪಪ್ಪನ ಕಾರಿಗೆ. ಸ್ಟೇರಿಂಗ್ ಪೂರ್ತಿ ತಿರುಗಿಸಲು ಹೇಳಿ, ಬಗ್ಗಿ, ಮುಂದಿನ ಟಯರಿನ ಒಳಗಿನ ಅಂಚಿಗೆ ಬೆರಳು ಹಾಕಿದರು. ಬೆರಳು ಹೊರಗೆ ತೆಗೆದಾಗ ತುದಿಯಲ್ಲಿ ಸಣ್ಣಗೆ ರಕ್ತ.

"ತಂತಿ ಹೊರಗೆ ಬಂದುಂಟು ಶೆಟ್ರೆ. ಹೊರಗಿಂದ ನೋಡಿದ್ರೆ ಚಂದ ಉಂಟು, ಒಳಗಿನ ಅಂಚು ಪೂರಾ ತಿಂದು ಹಾಕಿದೆ. ಅಲೈನ್‌ಮೆಂಟ್ ತಪ್ಪಿದ್ರೆ ಹೀಗೇ. ಯಾರಿಗೂ ಕಾಣದ ಜಾಗದಲ್ಲಿ ಸವೆಯುವುದು."

ಪಪ್ಪ ಕಿಟಕಿ ಇಳಿಸಿ, ಆಗ ಇನ್ನೂ ಉಳಿದಿದ್ದ ಒಡಕು ಸ್ವರದಲ್ಲಿ, "ನನ್ನ ಡಾಕ್ಟ್ರೂ ಇದನ್ನೇ ಹೇಳಿದ್ದು ಬ್ಯಾರಿ. ನಿಮ್ಮಿಬ್ಬರದ್ದೂ ಒಂದೇ ಕಾಲೇಜಾ?" ಎಂದರು. ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ.

ನಮ್ಮದು ಹಳೇ ಅಳತೆ. ಹೊಸ ಟಯರ್ ಎರಡೇ ಇದ್ದವು ಅಂಗಡಿಯಲ್ಲಿ. ಹಿಂದಿನವು ಕೂಡ ಬೋಳಾಗುತ್ತ ಬಂದಿದ್ದವು, ಆದರೆ ತಂತಿ ಕಂಡಿರಲಿಲ್ಲ. ಹೊಸತನ್ನು ಎಲ್ಲಿ ಹಾಕುವುದೆಂಬ ಮಾತು ಬಂತು.

"ಹಿಂದೆ ಹಾಕಿ ಅಂತ ಕಂಪೆನಿಯವ ಹೇಳ್ತಾನೆ" ಎಂದರು ಹಮೀದಾಕ, ಅರ್ಧ ಮನಸ್ಸಿನಿಂದ. "ಇಲ್ಲಿ ಯಾರೂ ಕೇಳುವುದಿಲ್ಲ, ನಾನೂ ಹೇಳುವುದು ಬಿಟ್ಟಿದ್ದೇನೆ."

"ಎಂಜಿನ್ ಮುಂದೆ ಉಂಟು. ಸ್ಟೇರಿಂಗ್ ಮುಂದೆ ಉಂಟು. ಮಗಳು ಮುಂದೆ ಕೂತಿದ್ದಾಳೆ. ಹಿಂದೆ ಎಂತ ಉಂಟು ಮಾರಾಯ? ಮುಂದೆ ಹಾಕು" ಎಂದರು ಪಪ್ಪ.

"ಹಿಂದೆ ನಾನು ಕೂರುವುದು" ಎಂದರು ಅಮ್ಮ. ಆ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಸತು ಮುಂದೆಯೇ ಬಂತು, ಹಿಂದಿನ ಬೋಳು ಟಯರುಗಳು ಹಿಂದೆಯೇ ಉಳಿದವು.

ಒಂದೊಂದು ಚಕ್ರವನ್ನೂ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ, ಎಲ್ಲಿ ಹಗುರವೋ ಅಲ್ಲಿ ರಿಮ್ಮಿನ ಅಂಚಿಗೆ ಸೀಸದ ತುಂಡು ಹೊಡೆದು ಬ್ಯಾಲೆನ್ಸ್ ಮಾಡಿದರು. ಅಲೈನ್‌ಮೆಂಟಿಗೆ ಕಾರನ್ನು ಹೊಂಡದ ಮೇಲೆ ನಿಲ್ಲಿಸುವಾಗ ಒಳಗೆ ಯಾರೂ ಇರಬಾರದು. ಪಪ್ಪನಿಗೆ ಇಳಿಯಲು ತ್ರಾಣ ಇರಲಿಲ್ಲ. "ಶೆಟ್ರು ಕೂತೇ ಇರ್ಲಿ" ಎಂದರು ಹಮೀದಾಕ. "ದಿನಾ ಅಲ್ಲಿ ಕೂರುವುದು ಅವರೇ ಅಲ್ವಾ? ಅವರ ಭಾರ ಸೇರಿಸಿಯೇ ಸರಿ ಮಾಡುವ." ಕೆಳಗಿನ ಹೊಂಡದಿಂದ ಸ್ಪಾನರಿನ ಸದ್ದು ಬರುತ್ತಿತ್ತು, ಮೇಲೆ ಪಪ್ಪ ಅದಕ್ಕೆ ಕಿವಿ ಕೊಟ್ಟು ಕೂತಿದ್ದರು. ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲಿನ ಕೆಂಪು ಗೆರೆಗಳು ಒಂದೊಂದಾಗಿ ಹಸಿರಾದವು. ಮನೆಗೆ ಬರುವಾಗ ಸ್ಟೇರಿಂಗ್ ಅದುರಲಿಲ್ಲ. ಪಪ್ಪ ಇಡೀ ದಾರಿ ಅಂಗೈ ಅಗಲಿಸಿ ಇಟ್ಟಿದ್ದರು.

ಅವರ ಸ್ವರದಲ್ಲಿ ನಾನು ಕೇಳಿದ ಕೊನೆಯ ತಮಾಷೆ ಆ ದಿನದ್ದೇ ಇರಬೇಕು. ಜೂನ್ ಮುಗಿಯುವ ಮೊದಲೇ ಗಂಟಲ ಹೊರಗಿನ ಚರ್ಮ ಸುಟ್ಟು ಕಪ್ಪಾಯಿತು, ಒಳಗೆ ಹುಣ್ಣಾಯಿತು. ನೀರು ಇಳಿಯದೆ ಮೂಗಿನಿಂದ ನಳಿಗೆ ಹಾಕಿದರು. ಮಾತು ಪೂರ್ತಿ ನಿಂತಿತು. ನಾನು ಒಂದನೇ ಕ್ಲಾಸಿನಲ್ಲಿ ಬರೆದಿದ್ದ ಸ್ಲೇಟನ್ನು ಅಮ್ಮ ಅಟ್ಟದಿಂದ ತೆಗೆದುಕೊಟ್ಟರು. ಅದಕ್ಕೆ ಬಳಪ ಹುಡುಕಿ ನಾನು ಸುರತ್ಕಲ್‌ನ ನಾಲ್ಕು ಅಂಗಡಿ ತಿರುಗಿದೆ.

ಮಳೆ ಬಿಡಲೇ ಇಲ್ಲ. ಬೆಳಗ್ಗೆ ಒಣಗದ ಟವೆಲನ್ನೇ ಇಸ್ತ್ರಿ ಹಾಕಿ ಬಿಸಿ ಮಾಡಿ ಬುಟ್ಟಿಗೆ ಹಾಕುವುದು. ಹೆದ್ದಾರಿಯ ಹೊಂಡಗಳಲ್ಲಿ ನೀರು ತುಂಬಿ ಯಾವುದು ಆಳ, ಯಾವುದು ಅಲ್ಲ ಎಂದು ಗೊತ್ತಾಗುತ್ತಿರಲಿಲ್ಲ. ಪ್ರತಿ ಹೊಂಡಕ್ಕೂ ಪಪ್ಪ ಕಣ್ಣು ಮುಚ್ಚುತ್ತಿದ್ದರು. ಕಾರಿನ ನೋವೋ ಗಂಟಲಿನ ನೋವೋ, ನಾನು ಕೇಳಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮುಖಕ್ಕೆ ಬಲೆಯಂಥ ಅಚ್ಚು ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಹೊರಗೆ ಬಂದಾಗ ಅವರ ಕೆನ್ನೆಯ ಮೇಲೆ ಚೌಕ ಚೌಕ ಗುರುತು. ಮನೆ ಮುಟ್ಟುವವರೆಗೂ ಅದು ಅಳಿಯುತ್ತಿರಲಿಲ್ಲ. ಡೈರಿಯಲ್ಲಿ ಸಿಟ್ಟಿಂಗಿಗೊಂದರಂತೆ ಮೂವತ್ತಮೂರು ಚೌಕ ಬರೆದಿಟ್ಟುಕೊಂಡು, ರಾತ್ರಿ ಒಂದಕ್ಕೆ ಅಡ್ಡ ಗೆರೆ ಎಳೆಯುತ್ತಿದ್ದೆ. ಗೆರೆ ಹೆಚ್ಚಿದಂತೆ ಪಪ್ಪ ಕಡಿಮೆಯಾಗುತ್ತಿದ್ದರು. ಅವರ ಪ್ಯಾಂಟಿಗೆ ಅಮ್ಮ ಹಗ್ಗ ಕಟ್ಟಿಕೊಟ್ಟರು.

ಹತ್ತೊಂಬತ್ತನೇ ಸಿಟ್ಟಿಂಗಿಗೆ ಹೋಗುವ ಸೋಮವಾರ, ಕೂಳೂರು ಸೇತುವೆ ಇಳಿದದ್ದೇ ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿತ್ತು. ಪಪ್ಪ ನನಗಿಂತ ಮೊದಲು ಕಂಡರು. ಒಂದು ಸಲ ತಟ್ಟಿದರು, ಯಾವತ್ತಿಗಿಂತ ಜೋರಾಗಿ. ನಾನು ಬ್ರೇಕ್ ಒತ್ತಿದೆ.

ಮುಂದಿನ ಟಯರುಗಳು ಹಿಡಿದವು. ಹಿಂದಿನವು ಹಿಡಿಯಲಿಲ್ಲ. ಯಾರೋ ಬೆನ್ನ ಹಿಂದಿನಿಂದ ಕಾರಿನ ಬಾಲ ಹಿಡಿದು ಬೀಸಿದ ಹಾಗಾಯಿತು. ಗಾಜಿನ ಮುಂದೆ ಸೇತುವೆ ಬಂತು, ಲಾರಿಯ ಲೈಟು ಬಂತು, ಡಿವೈಡರ್ ಬಂತು. ಧಡ್ ಎಂದಿತು. ಆಮೇಲೆ ವೈಪರಿನ ಸದ್ದು ಮಾತ್ರ. ಕಾರು ನಾವು ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತ್ತು. ಎದುರಿಗೆ, ಬಾನೆಟ್ಟಿನಿಂದ ಎರಡು ಮಾರು ದೂರದಲ್ಲಿ, ಲಾರಿ.

ಫ್ಲಾಸ್ಕು ಒಡೆದು ಗಂಜಿತಿಳಿ ಅಮ್ಮನ ಸೀರೆಯ ಮೇಲೆಲ್ಲ ಚೆಲ್ಲಿತ್ತು. "ನಿಶಾ, ಪಪ್ಪನ್ನ ನೋಡು" ಎಂದರು. ಪಪ್ಪನ ನಳಿಗೆಯ ಅಂಟುಪಟ್ಟಿ ಕಿತ್ತು ಬಂದು ಮೂಗಿನಿಂದ ರಕ್ತ ಇಳಿಯುತ್ತಿತ್ತು. ಅವರು ಒಂದು ಕೈಯಲ್ಲಿ ನಳಿಗೆ ಹಿಡಿದುಕೊಂಡು ಇನ್ನೊಂದು ಕೈಯನ್ನೇ ನೋಡುತ್ತಿದ್ದರು. ತಟ್ಟಿದ ಕೈಯನ್ನು.

ಲಾರಿಯ ಡ್ರೈವರು ಕೊಡೆಯಿಲ್ಲದೆ ಇಳಿದು ಬಂದರು. ನನ್ನ ಮುಖ ನೋಡಿ ಬೈಯಲು ಬಂದದ್ದನ್ನು ನುಂಗಿಕೊಂಡರು. "ಎಂತಕ್ಕಾ, ಹಾಲು ಗ್ಯಾಸಲ್ಲಿಟ್ಟು ಮರ್ತು ಬಂದದ್ದಾ? ಸೀದಾ ಮನೆಗೆ ತಿರುಗಿಸಿದ್ದೀರಲ್ಲ?" ಒಳಗೆ ಪಪ್ಪನನ್ನು ಕಂಡು ಹಿಂದಕ್ಕೆ ಹೋಗಿ ಚಕ್ರ ನೋಡಿದರು. ಹಿಂದಿನ ಬಲಗಡೆ ಟಯರ್ ಡಿವೈಡರಿಗೆ ತಾಗಿ ಸೀಳಿತ್ತು.

"ಸ್ಟೆಪ್ನಿ ಉಂಟಾ?"

ಉಂಟು. ಆಪತ್ತಿಗೆ ಅಂತಲೇ ಇಟ್ಟದ್ದು ಉಂಟು. ಡಿಕ್ಕಿ ತೆರೆದು ಬೆಡ್‌ಶೀಟ್ ಸರಿಸಿದಾಗ ಆ ಡ್ರೈವರು ಸಿಳ್ಳೆ ಹಾಕಿದರು. "ಮದುಮಗಳ ಹಾಗೆ ಉಂಟಲ್ಲ ಮಾರಾಯ್ರೆ!" ಟಯರಿನ ಮೈಮೇಲೆ ಹೊಸತರಲ್ಲಿ ಇರುವ ಸಣ್ಣ ರಬ್ಬರ್ ಕೂದಲುಗಳು ಹಾಗೇ ಇದ್ದವು. ಟಯರಿನ ಗೆರೆಯೊಳಗೆ ಕಳೆದ ಆಯುಧಪೂಜೆಯ ಕುಂಕುಮ. ಜಾಕ್ ಹಾಕಿ, ಟಯರ್ ಬದಲಿಸಿ, ಹಿಂದಿನ ವಾಹನಗಳನ್ನು ತಡೆದು ಕಾರು ತಿರುಗಿಸಿಕೊಟ್ಟೇ ಅವರು ಹೋದದ್ದು. ಪಪ್ಪ ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದರು. ಸ್ಟೆಪ್ನಿ ನೆಲ ಮುಟ್ಟಿದಾಗ ನನಗೆ ಹೆಬ್ಬೆರಳು ಎತ್ತಿ ತೋರಿಸಿದರು. ಅಷ್ಟು ವರ್ಷ ಜೋಪಾನ ಮಾಡಿದ್ದು ಇವತ್ತಿಗಾಗಿ ಎನ್ನುವ ಹಾಗೆ.

ಆಸ್ಪತ್ರೆಗೆ ತಡವಾಗಿ ಮುಟ್ಟಿದೆವು. ಮೆಷಿನ್ ನೋಡಿಕೊಳ್ಳುವ ಸಿಸ್ಟರ್ ನಮ್ಮ ಸರದಿಯನ್ನು ಕೊನೆಗೆ ಹಾಕಿ ಕಾದಿದ್ದರು. ಹತ್ತೊಂಬತ್ತು ಆಯಿತು.

ಆ ವಾರ ಪೂರ್ತಿ ಸ್ಟೆಪ್ನಿಯ ಮೇಲೆಯೇ ಓಡಿದೆವು. ಇದ್ದುದರಲ್ಲಿ ಅದೇ ಗಟ್ಟಿ ಎಂದು ನಮ್ಮ ಲೆಕ್ಕ. ಆದರೆ ಪಪ್ಪ ತಟ್ಟುವುದನ್ನು ನಿಲ್ಲಿಸಿದ್ದರು. ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂರುತ್ತಿದ್ದರು. ನಾನು ಬೇಕೆಂದೇ ತಪ್ಪು ಗೇರಿನಲ್ಲಿ ಎಂಜಿನ್ ಅರಚಿಸಿದರೂ ಕೈ ಹೊರಗೆ ಬರಲಿಲ್ಲ.

ಶನಿವಾರ ಹಮೀದಾಕನಲ್ಲಿಗೆ ಹೋದೆವು. ಸೀಳಿದ ಟಯರನ್ನು ನೋಡಿ, ಆದದ್ದನ್ನು ಕೇಳಿ ಅವರು ತಲೆಗೆ ಕೈ ಇಟ್ಟುಕೊಂಡರು. "ಆ ದಿನ ನಾನು ಹಟ ಹಿಡೀಬೇಕಿತ್ತು ಶೆಟ್ರೆ. ಹಿಂದೆ ಬೋಳು ಇದ್ದು ಮುಂದೆ ಹೊಸತಾದ್ರೆ, ಮಳೆಗೆ ಬ್ರೇಕ್ ಹಾಕಿದಾಗ ಮುಂದಿನದು ನಿಲ್ತದೆ, ಹಿಂದಿನದು ನಿಲ್ಲುವುದಿಲ್ಲ." ಆಮೇಲೆ ಸ್ಟೆಪ್ನಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೈಮೇಲಿನ ಮಣ್ಣು ಒರೆಸಿ ಏನನ್ನೋ ಹುಡುಕಿದರು. "ಇಲ್ಲಿ ಓದು ಮಗಳೇ, ನನ್ನ ಕನ್ನಡಕ ಇಲ್ಲ."

ರಬ್ಬರಿನಲ್ಲಿ ಉಬ್ಬಿದ ನಾಲ್ಕು ಅಂಕಿ. ಮೊದಲಿನ ಎರಡು ಅಂಕಿ ಟಯರ್ ಹುಟ್ಟಿದ ವಾರ, ಕೊನೆಯ ಎರಡು ಅಂಕಿ ವರ್ಷ ಎಂದು ಹೇಳಿಕೊಟ್ಟರು. ನಾನು ಓದಿದೆ. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ.

ಹಮೀದಾಕ ಟಯರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಹಳೇ ಪಿಂಗಾಣಿ ಬಟ್ಟಲಿನಲ್ಲಿ ಇರುತ್ತದಲ್ಲ, ಅಂಥ ಕೂದಲೆಳೆಯ ಬಿರುಕುಗಳು ಸುತ್ತಲೂ ಬಾಯಿ ಬಿಟ್ಟವು. "ಹದಿಮೂರು ವರ್ಷ. ಇದು ಯಾವಾಗಲೋ ಸತ್ತಿದೆ. ನೀವು ಇದರ ಮೇಲೆ ಫಳ್ನೀರಿಗೆ ಹೋಗಿ ಬಂದಿದ್ದೀರಾ? ಮೂರು ಜನರ ಪುಣ್ಯ ಒಟ್ಟಾಗಿ ನಿಂತಿದೆ ಅಷ್ಟೆ."

ಪಪ್ಪ ಕಿಟಕಿಯಿಂದ ಸ್ಲೇಟು ಹೊರಗೆ ಚಾಚಿದರು. 'ಈ ವಾರದವರೆಗೆ ಒಂದು ಮೈಲಿ ಓಡಿರಲಿಲ್ಲ.'

"ಓಡ್ಲಿಲ್ಲ ಶೆಟ್ರೆ, ನನಗೆ ಗೊತ್ತುಂಟು. ಕೂತಲ್ಲೇ ಹೋಯ್ತು. ರಬ್ಬರ್ ಅಲ್ವಾ, ಇಟ್ಟರೂ ಹೋಗ್ತದೆ."

ಪಪ್ಪ ಸ್ಲೇಟು ಒಳಗೆ ಎಳೆದುಕೊಂಡರು. ನಮ್ಮ ಅಳತೆಯ ಟಯರ್ ಮಂಗಳವಾರ ಲೋಡಿನಲ್ಲಿ ಬರುತ್ತದೆ, ಅಲ್ಲಿಯವರೆಗೆ ನಿಧಾನ ಹೋಗಿ ಎಂದು ಹಮೀದಾಕ ಯಾವುದೋ ಹಳೇ ಟಯರ್ ಹಾಕಿಕೊಟ್ಟರು.

ಭಾನುವಾರ ಸಂಜೆ ಸ್ಲೇಟಿನಲ್ಲಿ ಒಂದೇ ಪದ ಇತ್ತು. 'ಸಾಕು.'

ಅಮ್ಮ ಅದನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟರು. ಅವರು ಪುನಃ ಅದನ್ನೇ ಬರೆದರು. ನಾನು ಬಾಡಿಗೆ ಕಾರು ತರುತ್ತೇನೆ ಎಂದೆ, ಅತ್ತೆಯ ಮನೆಗೆ ಹೋಗುವ ಎಂದೆ, ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಆಗ ಅವರು ಸಣ್ಣ ಅಕ್ಷರದಲ್ಲಿ, ಸ್ಲೇಟು ತುಂಬುವಷ್ಟು ಬರೆದರು. 'ಮುಂದೆ ಹಾಕು ಅಂದದ್ದು ನಾನು. ತಟ್ಟಿದ್ದು ನಾನು. ಸ್ಟೆಪ್ನಿ ನನ್ನದು. ನಾನು ಹೋಗುವವ. ನಿಮ್ಮಿಬ್ಬರನ್ನು ಕರಕೊಂಡು ಹೋಗುವುದಿಲ್ಲ.'

ಅಮ್ಮ ಅದನ್ನು ಒರೆಸಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೋಮವಾರ ಬೆಳಗ್ಗೆ ನಾನು ಎಂದಿನ ಹಾಗೆ ಕಾರು ಹೊರಗೆ ತೆಗೆದು, ಎಡಗಡೆ ಬಾಗಿಲು ತೆರೆದಿಟ್ಟು, ಎಂಜಿನ್ ಚಾಲೂ ಇಟ್ಟು ಕೂತೆ. ಪಪ್ಪ ಜಗಲಿಯ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ತೆರೆದ ಬಾಗಿಲಿನಿಂದ ಮಳೆ ಬಂದು ಸೀಟು ಪೂರ್ತಿ ನೆನೆಯಿತು. ಆಸ್ಪತ್ರೆಯಿಂದ ಫೋನು ಬಂತು. ಜ್ವರ ಎಂದು ಸುಳ್ಳು ಹೇಳಿದೆ. ಮಂಗಳವಾರ ಪುನಃ ಫೋನು ಬಂದಾಗ ಎತ್ತಲು ಧೈರ್ಯವಾಗಲಿಲ್ಲ. ಪಪ್ಪನ ಕುರ್ಚಿಯ ಪಕ್ಕ ನೆಲದಲ್ಲಿ ಕೂತು ಕಾಲು ಹಿಡಿದು ಅತ್ತುಬಿಟ್ಟೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು, ಗೋಡೆಯಿಂದ ಮುಖ ತಿರುಗಿಸಲಿಲ್ಲ. ಒಳಗೆ, ಯಾರಿಗೂ ಕಾಣದ ಜಾಗದಲ್ಲಿ, ಅದು ಪುನಃ ಬೆಳೆಯುತ್ತಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಎಣಿಸಲು ನನ್ನಲ್ಲಿ ಏನೂ ಇರಲಿಲ್ಲ.

ಅದೇ ಸಂಜೆ ಗೇಟಿನ ಹೊರಗೆ ಪಿಕಪ್ ನಿಂತಿತು. ಹಮೀದಾಕ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ರಿಮ್ ಸಮೇತ ಎರಡು ಟಯರುಗಳನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದರು. ಲೋಡು ಬಂದಿರಲಿಲ್ಲ. ಘಾಟಿಯಲ್ಲಿ ಗುಡ್ಡ ಜರಿದು ಲಾರಿಗಳು ಆಚೆಯೇ ನಿಂತಿದ್ದವು. ನಾನು ಗೇಟಿಗೆ ಓಡಿ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಸೀದಾ ಜಗಲಿಗೆ ಬಂದು, ಒಂದು ಟಯರನ್ನು ಪಪ್ಪ ಮತ್ತು ಗೋಡೆಯ ನಡುವೆ ತಂದು ನಿಲ್ಲಿಸಿದರು.

"ಗೋಡೆ ನೋಡುವುದಕ್ಕಿಂತ ಇದನ್ನು ನೋಡಿ. ಹೊಸತಲ್ಲ, ಸುಳ್ಳು ಹೇಳುವುದಿಲ್ಲ. ಒಬ್ಬ ಗಿರಾಕಿ ದೊಡ್ಡ ಟಯರ್ ಹಾಕಿಸಿಕೊಂಡ, ಇದನ್ನು ಬಿಚ್ಚಿ ಕೊಟ್ಟ. ಅರ್ಧ ಸವೆದದ್ದು. ನಿಮ್ಮದು ಇನ್ನೆಷ್ಟು ಸಲ ಬಾಕಿ ಉಂಟು?"

ಪಪ್ಪ ಅಲುಗಲಿಲ್ಲ. "ಹತ್ತು" ಎಂದೆ ನಾನು.

"ಹತ್ತಾ? ಹತ್ತು ಸಲಕ್ಕೆ ಹೊಸ ಟಯರ್ ಎಂತಕ್ಕೆ ಮಾರಾಯ್ರೆ? ನಿಮಗೆ ಯಾವಾಗ ನೋಡಿದ್ರೂ ಮುಂದಿನ ಹತ್ತು ವರ್ಷದ್ದೇ ಚಿಂತೆ. ಇದು ಹತ್ತು ವರ್ಷ ಬರುವುದಿಲ್ಲ, ಗ್ಯಾರಂಟಿ ಬರುವುದಿಲ್ಲ. ಹತ್ತು ಸಲ ಹೋಗಿ ಬರ್ತದೆ. ಅಷ್ಟು ನಾನು ಹೇಳ್ತೇನೆ. ಬೇಡಾಂದ್ರೆ ಹೇಳಿ, ತಗೊಂಡು ಹೋಗ್ತೇನೆ. ಆದ್ರೆ ಮಳೆಗೆ ಇಷ್ಟು ದೂರ ಬಂದವನಿಗೆ ಒಂದು ಚಾ ಆದ್ರೂ ಕೊಡಿ. ನಿಮ್ಮ ಹೋಟೆಲಲ್ಲಿ ಈಗ ಚಾ ಬಾಯಿಗೆ ಇಡ್ಲಿಕ್ಕೆ ಆಗುವುದಿಲ್ಲ."

ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಮಾಡಿನಿಂದ ನೀರು ಇಳಿಯುತ್ತಿತ್ತು. ಆಮೇಲೆ ಪಪ್ಪ ಮುಂದೆ ಬಾಗಿದರು. ಟಯರಿನ ಗೆರೆಯೊಳಗೆ ಹೆಬ್ಬೆರಳು ಇಟ್ಟು ಆಳ ನೋಡಿದರು. ಪಕ್ಕೆಯನ್ನು ಒತ್ತಿ ನೋಡಿದರು. ಮತ್ತೆ ಎರಡೂ ಕೈಯಿಂದ ಟಯರನ್ನು ಮೆಲ್ಲ ಮೆಲ್ಲ ತಿರುಗಿಸತೊಡಗಿದರು. ನಮಗೆ ಅರ್ಥವಾಗಲಿಲ್ಲ. ಅರ್ಧ ಸುತ್ತು ಬಂದಾಗ ನಿಲ್ಲಿಸಿ, ಅಂಗಿಯ ತುದಿಯಿಂದ ಒರೆಸಿ, ನನ್ನನ್ನು ಕರೆದು ಬೆರಳು ಇಟ್ಟು ತೋರಿಸಿದರು. ನಾಲ್ಕು ಅಂಕಿ. ಎರಡು ವರ್ಷದ ಹಿಂದಿನದು.

ಸ್ಲೇಟು ಕೇಳಿದರು. 'ಹಿಂದೆ ಹಾಕು' ಎಂದು ಬರೆದರು.

"ಈಗ ನೋಡಿ!" ಎಂದು ಹಮೀದಾಕ ಕೋಟಿನ ತೋಳು ಮಡಚಿ ಅಂಗಳಕ್ಕೆ ಇಳಿದರು. ಕೆಲಸ ಮುಗಿಸಿ, ತಾವು ಬಿಚ್ಚಿ ಇಟ್ಟುಕೊಂಡಿದ್ದ ಹದಿಮೂರು ವರ್ಷದ ಆ ಟಯರನ್ನೂ ಪಿಕಪ್ಪಿನಿಂದ ಇಳಿಸಿ, ಇದನ್ನು ಎಂತ ಮಾಡುವುದೆಂದು ಕೇಳಿದರು. ಪಪ್ಪ ಬೇರೆ ಕಡೆ ನೋಡಿದರು. "ಇಡಿ ಅಲ್ಲಿ" ಎಂದರು ಅಮ್ಮ. "ಮಣ್ಣು ತುಂಬಿಸಿ ಬಸಳೆ ನೆಡ್ಲಿಕ್ಕೆ ಆಗ್ತದೆ."

ಬುಧವಾರ ಹೊರಟೆವು. ಸುರತ್ಕಲ್, ಪಣಂಬೂರು ದಾಟಿದರೂ ಪಪ್ಪನ ಕೈ ತೊಡೆಯ ಕೆಳಗೇ ಇತ್ತು. ಕೂಳೂರು ಸೇತುವೆ ಇಳಿಯುವಾಗ ಅದೇ ಜಾಗದಲ್ಲಿ ಅದೇ ನೀರು. ಅವರ ಕೈ ಎದ್ದಿತು, ಗಾಳಿಯಲ್ಲೇ ನಿಂತಿತು.

"ತಟ್ಟಿ ಪಪ್ಪಾ" ಎಂದೆ.

ತಟ್ಟಿದರು. ಒಂದು ಸಲ, ಮೆಲ್ಲಗೆ. ನಾನು ಬ್ರೇಕ್ ಒತ್ತಿದೆ. ಕಾರು ಎಡಕ್ಕೂ ಬಲಕ್ಕೂ ಹೋಗದೆ ನಿಧಾನವಾಯಿತು, ನೀರು ದಾಟಿತು. ಹಿಂದಿನ ಸೀಟಿನಲ್ಲಿ ಅಮ್ಮನ ಜಪ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಪಪ್ಪ ಅಂಗೈ ಅಗಲಿಸಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು.

ಹತ್ತೂ ಮುಗಿಯಿತು. ಮೂವತ್ತಮೂರನೇ ಚೌಕಕ್ಕೆ ಗೆರೆ ಹಾಕುವಾಗ ಆಟಿ ತಿಂಗಳ ಮಳೆ. ಶ್ರಾವಣದ ಬಿಸಿಲಿನಲ್ಲಿ ಚರ್ಮ ಬಂತು, ಮೂಗಿನ ನಳಿಗೆ ಹೋಯಿತು, ಒಂದು ದಿನ ಎರಡು ಚಮಚ ಗಂಜಿ ಬಾಯಿಂದಲೇ ಇಳಿಯಿತು. ಚಳಿಗಾಲದಲ್ಲಿ ಕುತ್ತಿಗೆಯ ಬಲಗಡೆ ಗಂಟು ಕಂಡಿತು. ಆ ಎರಡು ದಿನ ತಪ್ಪಿದ್ದರಿಂದಲೇ ಎಂದು ಯಾರೂ ಹೇಳಲಿಲ್ಲ. ಅದರಿಂದ ಅಲ್ಲ ಎಂದೂ ಯಾರೂ ಹೇಳಲಿಲ್ಲ. ನಾನು ಕೇಳಿದ್ದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ಮಳೆಗಾಲವನ್ನು ಪಪ್ಪ ನೋಡಲಿಲ್ಲ.

ಕಳೆದ ಶನಿವಾರ ಹಮೀದಾಕ ಆ ಅರ್ಧ ಸವೆದ ಟಯರುಗಳನ್ನು ಬಿಚ್ಚಿ ಪಕ್ಕಕ್ಕೆ ಒರಗಿಸಿದರು. ಈಗ ಅವು ಪೂರ್ತಿ ಬೋಳು. "ಹತ್ತು ಸಲಕ್ಕೆ ಅಂತ ಕೊಟ್ಟದ್ದು" ಎಂದರು. ಡಿಕ್ಕಿಯಲ್ಲಿ ಈಗ ಇರುವ ಸ್ಟೆಪ್ನಿಯನ್ನೂ ಇಳಿಸಿ, ಸರದಿಯಲ್ಲಿ ಐದನ್ನೂ ಓಡಿಸುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಬ್ಯಾಲೆನ್ಸಿಂಗ್ ಆಯಿತು. ಕಾರನ್ನು ಹೊಂಡದ ಮೇಲೆ ನಿಲ್ಲಿಸಿ ನಾನು ಇಳಿದೆ. ಹಮೀದಾಕ ಅಭ್ಯಾಸಬಲದಿಂದ ಎಡಗಡೆ ಕಿಟಕಿಯತ್ತ ಬಗ್ಗಿದವರು ಹಾಗೇ ನಿಂತುಬಿಟ್ಟರು. ಆಮೇಲೆ ಬಾಗಿಲು ತೆರೆದು ನನ್ನ ಕೊಡೆ, ಚೀಲ ತೆಗೆದು ಕೈಗೆ ಕೊಟ್ಟರು.

"ಖಾಲಿಯೇ ಮಾಡುವ ಅಲ್ವಾ ಮಗಳೇ?"

"ಹ್ಞೂಂ. ಖಾಲಿಯೇ ಮಾಡಿ."

ಗೆರೆಗಳು ಹಸಿರಾದವು. ಮಣ್ಣಗುಡ್ಡದಲ್ಲಿ ಅತ್ತೆಯನ್ನು ನೋಡಿ ಬರುವ ಕೆಲಸವಿತ್ತು, ಪೇಟೆಯ ಕಡೆಗೆ ತಿರುಗಿಸಿದೆ. ಹೊಸ ಟಯರಿಗೆ ಸದ್ದೇ ಇಲ್ಲ. ಸೇತುವೆ ಇಳಿಯುವಾಗ ಆ ಜಾಗದಲ್ಲಿ ನೀರು ಹರಿಯುತ್ತಿತ್ತು. ನನ್ನ ಕಾಲು ತಾನಾಗಿಯೇ ಸಡಿಲಾಯಿತು. ಕಾದೆ. ವೈಪರು ಎರಡು ಸಲ ಬಂದು ಹೋಯಿತು. ಆಮೇಲೆ ನಾನೇ ಎಡಗೈ ಚಾಚಿ ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಲ ತಟ್ಟಿ ಬ್ರೇಕ್ ಒತ್ತಿದೆ.